ಮಲಗಿಸಿದ ಬಾವಿಗಳು

ನೆಲದೊಳಗಿನ ನೀರಿಗೆ ಬಾಯಿ ಬಂದರೆ ಏನೇನು ಹೇಳುತ್ತಿತ್ತೋ ಯಾರಿಗೆ ಗೊತ್ತು. ಅದರ ಪರವಾಗಿ ಮಾತಾಡಲಿ ಅಂತ ಮನುಷ್ಯರೇ ಒಂದು ಯಂತ್ರ ಮಾಡಿದರು. ಆ ಯಂತ್ರಕ್ಕೆ ನಡುಬೆಂಗ್ರೆಯ ಸೊಸೆ ಶ್ರಾವ್ಯಳ ದನಿ ಕೊಟ್ಟರು. ಪಜೀತಿ ಶುರುವಾದದ್ದು ಅಲ್ಲಿಂದಲೇ.

ಮೊದಮೊದಲು ಅದು ಬರೀ ತಮಾಷೆಯಾಗಿತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ಶ್ರಾವ್ಯ ಚಾ ಕುಡಿಯುತ್ತ ಕೂತಿರುತ್ತಿದ್ದಳು. ಅವಳ ಅತ್ತೆ ವಾರಿಜಮ್ಮ ಕಿಟಕಿಯ ಮೇಲಿಟ್ಟ ಮೊಬೈಲನ್ನು ಬೆರಳಲ್ಲಿ ಕುಟ್ಟಿದರೆ ಅದರೊಳಗಿಂದಲೂ ಶ್ರಾವ್ಯಳೇ ಮಾತಾಡುತ್ತಿದ್ದಳು: "ಅಂಗಳದ್ ಬಾವಿ ನೀರ್ ಸಿಹಿ ಇತ್ತ್. ಇವತ್ತ್ ಹದಾ ನೋಡ್ಕಂಡ್ ಎತ್ಲಕ್ಕ್."

"ಅದ್ರ ಬಾಯಿ ಒಂಚೂರ್ ಮುಚ್ಸ್ ಮಾರಾಯ್ತಿ," ಎನ್ನುತ್ತಿದ್ದರು ವಾರಿಜಮ್ಮ. "ಒಬ್ಬಳನ್ನ್ ಸುಧಾರ್ಸುದೇ ಸಾಕಾಯ್ತ್. ಈಗ ಇಬ್ರ್ ಸೊಸೆಯಕ್ಳ್."

ಬಾಯಲ್ಲಿ ಹಾಗೆ ಅಂದರೂ ಮುದುಕಿಗೆ ಒಳಗೊಳಗೇ ಹೆಮ್ಮೆ. ಮೀನು ಮಾರಲು ಹೋದಲ್ಲೆಲ್ಲ, "ಅದ್ ನಮ್ಮನೆ ಹೆಣ್ಣಿನ್ ಸ್ವರ," ಎಂದು ಹೇಳಿಯೇ ಬುಟ್ಟಿ ಇಳಿಸುತ್ತಿದ್ದರು. ಮಗ ರತನ್ ಆಳಸಮುದ್ರದ ಬೋಟಿನಲ್ಲಿ ಹೋದವನು ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಉಳಿಯುತ್ತಿದ್ದವರು ಇವರಿಬ್ಬರೇ, ಮತ್ತೆ ಆ ಮೊಬೈಲು.

ಯಂತ್ರದ ಹೆಸರು ನೆಲಗನ್ನಡಿ. ಸಾಸಿವೆಯಷ್ಟೇ ಇರುವ ಲಕ್ಷಾಂತರ ಕಾಳುಗಳನ್ನು ಕರಾವಳಿಯ ಉದ್ದಕ್ಕೂ ಮರಳಿನಲ್ಲಿ, ಹೊಳೆಯ ದಂಡೆಯಲ್ಲಿ, ಬಾವಿಗಳ ತಳದಲ್ಲಿ ಬಿತ್ತಿದ್ದರು. ಒಂದು ಕಾಳು ಪಕ್ಕದ ಕಾಳಿಗೆ ಸಣ್ಣದಾಗಿ ವಿದ್ಯುತ್ತು ಹರಿಸುತ್ತದೆ. ಉಪ್ಪುನೀರಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ, ಸಿಹಿನೀರಿನಲ್ಲಿ ತಡವರಿಸುತ್ತದೆ. ಎಲ್ಲೆಲ್ಲಿ ಎಷ್ಟು ತಡವರಿಸಿತು ಅಂತ ಲೆಕ್ಕ ಹಾಕಿದರೆ ನೆಲದ ಹೊಟ್ಟೆಯೊಳಗಿನ ಚಿತ್ರ ಸಿಗುತ್ತದೆ. ಹೊಳೆಯಾಚೆ ಪೇಟೆಯಲ್ಲಿದ್ದ ನಕ್ಷೆ ಕೇಂದ್ರದಲ್ಲಿ ಊಟದ ಪಂಕ್ತಿಯಷ್ಟು ಉದ್ದದ ಗಾಜಿನ ಮೇಜಿತ್ತು. ಇಡೀ ಕರಾವಳಿ ಅದರೊಳಗೆ ಬೆಳಕಾಗಿ ಮಲಗಿರುತ್ತಿತ್ತು. ಸಿಹಿನೀರು ನೀಲಿ, ಉಪ್ಪು ಕೆಂಪು. ಬಗ್ಗಿ ನೋಡಿದವರು ಒಂದು ಗಳಿಗೆ ಮಾತು ಮರೆಯುತ್ತಿದ್ದರು.

ಶ್ರಾವ್ಯ ಆ ಮೇಜಿನ ಮುಂದೆ ಕೆಲಸ ಮಾಡುವವಳು. ಅವಳನ್ನು ಕಾಲೇಜಿನಲ್ಲಿ ಕಲಿಸಿ, ಕೇಂದ್ರಕ್ಕೆ ಕರೆತಂದು, ಅವಳ ಮದುವೆಯಲ್ಲಿ ಅಪ್ಪನಿಲ್ಲದ ಹುಡುಗಿ ಅಂತ ಮುಂದೆ ನಿಂತು ಓಡಾಡಿದವರು ನಿರ್ದೇಶಕ ಡಾಕ್ಟರ್ ಹೊಳ್ಳರು. ಹೊಳ್ಳ ಸರ್ ಅಂದರೆ ಅವಳಿಗೆ ಆಚೆ ಮಾತಿಲ್ಲ. ಅವರು ಹಗಲನ್ನು ರಾತ್ರಿ ಅಂದಿದ್ದರೂ ದೀಪ ಹಚ್ಚುತ್ತಿದ್ದಳೋ ಏನೋ.

ಯಂತ್ರಕ್ಕೆ ದನಿ ಕೊಡು ಅಂದವರೂ ಅವರೇ. "ಬೇರೆ ಊರಿನ ದನಿ ಬಂದು ನಿಮ್ಮ ಬಾವಿ ಹಾಗಿದೆ ಹೀಗಿದೆ ಅಂದರೆ ನಮ್ಮ ಜನ ಕಿವಿಗೇ ಹಾಕಿಕೊಳ್ಳೋದಿಲ್ಲ ಶ್ರಾವ್ಯ. ನೀನು ನಿಮ್ಮ ಕಡೆಯ ಮಾತಲ್ಲೇ ಹೇಳು," ಎಂದಿದ್ದರು. ಹೊರಗಿನ ಸದ್ದು ಬರದಂತೆ ಗೋಡೆಗೆ ಹತ್ತಿ ಹೊದಿಸಿದ ಕೋಣೆಯಲ್ಲಿ ಕೂತು ಅವಳು ದಿನಗಟ್ಟಲೆ ವಾಕ್ಯಗಳನ್ನು ಓದಿದಳು. ಅಷ್ಟನ್ನು ಕೇಳಿಸಿಕೊಂಡ ಯಂತ್ರ ಆಮೇಲೆ ಅವಳು ಓದದ ವಾಕ್ಯಗಳನ್ನೂ ಅವಳ ದನಿಯಲ್ಲಿ ಹೇಳುವಷ್ಟು ಪಳಗಿತು.

ಇನ್ನು ನಡುಬೆಂಗ್ರೆಯ ವಿಷಯ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ದಿಬ್ಬ. ಅದರ ಮೇಲೆ ಮನೆ, ತೆಂಗು, ಒಣಮೀನಿನ ಚಪ್ಪರ. ಸುತ್ತ ಉಪ್ಪುನೀರಿದ್ದರೂ ಬಾವಿಯಲ್ಲಿ ಮಾತ್ರ ಸಿಹಿನೀರು. ಮಳೆಯ ನೀರು ಮರಳಿಗಿಳಿದು, ಅಡಿಯ ಉಪ್ಪುನೀರಿನ ಮೇಲೆ ಗಂಜಿಯ ಕೆನೆಯ ಹಾಗೆ ತೇಲಿಕೊಂಡಿರುತ್ತದೆ. ಅತಿಯಾಗಿ ಎತ್ತಿದರೆ ಕೆಳಗಿನ ಉಪ್ಪು ಮೇಲೆದ್ದು ಬರುತ್ತದೆ. ಒಮ್ಮೆ ಬಂತು ಅಂದರೆ ಅದನ್ನು ಕೆಳಗಿಳಿಸುವುದಕ್ಕೆ ಎಷ್ಟು ಮಳೆಗಾಲ ಬೇಕೋ ದೇವರೇ ಬಲ್ಲ.

ಅದಕ್ಕೇ ಅಲ್ಲಿ ಬಾವಿ ಮಲಗಿಸುವ ಪದ್ಧತಿ. ಚಳಿ ಮುಗಿಯುವ ಹೊತ್ತಿಗೆ ಊರ ಹೆಂಗಸರು ಸೇರಿ ಈ ವರ್ಷ ಯಾವ್ಯಾವ ಬಾವಿ ಮಲಗಬೇಕು ಅಂತ ತೀರ್ಮಾನ ಮಾಡುತ್ತಾರೆ. ಆ ಬಾವಿಗಳ ಬಾಯಿಗೆ ತೆಂಗಿನ ಮಡಲು ಹೆಣೆದು ಮುಚ್ಚುತ್ತಾರೆ. ಮಳೆ ಬೀಳುವವರೆಗೆ ಅದಕ್ಕೆ ಯಾರೂ ಹಗ್ಗ ಬಿಡುವ ಹಾಗಿಲ್ಲ. ಮಲಗಿದ ಬಾವಿಗಳ ನೀರು ಕೆಳಗಿನ ಉಪ್ಪನ್ನು ಅದುಮಿ ಹಿಡಿದಿರುವುದರಿಂದಲೇ ಎದ್ದ ಬಾವಿಗಳು ಬೇಸಗೆ ದಾಟುತ್ತವೆ. ಮಲಗಿದ ಬಾವಿಯ ಮನೆಯವರು ಪಕ್ಕದ ಮನೆಯಿಂದ ಹೊರುತ್ತಾರೆ, ಅದರಲ್ಲಿ ಜಗಳ ಇಲ್ಲವೇ ಇಲ್ಲ ಅಂತಲ್ಲ. ಜಗಳವಾಡಿಕೊಂಡೇ ಹೊರುತ್ತಾರೆ.

ಶ್ರಾವ್ಯ ಇದನ್ನು ಹೊಳ್ಳ ಸರ್‌ಗೆ ಹೇಳಿದಾಗ ಅವರ ಕಣ್ಣು ಅರಳಿತ್ತು. "ಇದನ್ನು ನಕ್ಷೆಗೆ ತರಬೇಕು. ಇಲ್ಲದಿದ್ದರೆ ನಾಳೆ ಯಾರಾದರೂ ಬಂದು ಅಲ್ಲಿ ಬೋರು ಕೊರೆಯುತ್ತಾರೆ," ಎಂದರು. ನಕ್ಷೆಗೆ ಬರಬೇಕಾದರೆ ಮಲಗಿದ ಬಾವಿಗಳ ತಳಕ್ಕೂ ಕಾಳು ಹಾಕಬೇಕು, ಅಂದರೆ ಮಡಲು ತೆಗೆಯಬೇಕು. ಹೆಂಗಸರು ಸುತರಾಂ ಒಪ್ಪಲಿಲ್ಲ.

ಆಗ ಹೊಳ್ಳರು ತಾವೇ ದೋಣಿ ಹತ್ತಿ ಬಂದರು. ಅವರು ಮೀನು ಮುಟ್ಟದವರು ಅಂತ ವಾರಿಜಮ್ಮ ಪೇಟೆಯಿಂದ ಹೊಸ ಪಾತ್ರೆ ತರಿಸಿ ಹರಿವೆ ಸೊಪ್ಪಿನ ಸಾರು, ಗೆಣಸಿನ ಪಲ್ಯ ಮಾಡಿ ಬಡಿಸಿದರು. ಹೊಳ್ಳರು ಎರಡು ಸಲ ಅನ್ನ ಹಾಕಿಸಿಕೊಂಡರು. ಬಾವಿಯ ನೀರು ಕುಡಿದು, "ಇಂಥ ನೀರು ನಮ್ಮ ಪೇಟೆಯಲ್ಲಿ ಎಲ್ಲುಂಟು," ಎಂದರು.

"ಮಲಗಿದ ಬಾವಿ ಎಲ್ಲಿತ್ತ್ ಅಂದೇಳಿ ಹೊರಗಿನವ್ರಿಗೆ ಗೊತ್ತಾಪ್ದ್ ಬ್ಯಾಡ ಅಂದೇಳಿ ನಮ್ಗೆ," ಎಂದು ವಾರಿಜಮ್ಮ ನೇರವಾಗಿಯೇ ಹೇಳಿದರು.

"ಗೊತ್ತಾದರೇ ಕ್ಷೇಮ ವಾರಿಜಮ್ಮ. ಅದಕ್ಕೆ ನಕ್ಷೆಯಲ್ಲಿ ಬೇರೆ ಬಣ್ಣ ಕೊಡುತ್ತೇವೆ, ಹಸಿರು. ಹಸಿರು ಬಣ್ಣದ ನೀರಿಗೆ ಯಾರೂ ಕೈ ಹಾಕುವ ಹಾಗಿಲ್ಲ. ನಿಮ್ಮ ಸೊಸೆಯೇ ಅಲ್ಲಿ ಕಾವಲಿಗೆ ಇದ್ದಾಳಲ್ಲ," ಎಂದು ಹೊಳ್ಳರು ನಕ್ಕರು.

ಅತ್ತೆ ಸೊಸೆಯ ಮುಖ ನೋಡಿದರು. "ಹೌದಾ ಹೆಣ್ಣೇ?"

"ಹೌದ್ ಅತ್ತಿ. ನಾನಿದ್ದೆ ಅಲ್ದಾ," ಎಂದಳು ಶ್ರಾವ್ಯ.

ಅಷ್ಟೇ ಸಾಕಾಯಿತು. ವಾರಿಜಮ್ಮ ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೋದರು. ನಮ್ಮ ಹೆಣ್ಣು ಹೇಳಿದ್ದಾಳೆ ಅಂತ ಒಬ್ಬೊಬ್ಬರನ್ನೇ ಒಪ್ಪಿಸಿದರು. ಪಕ್ಕದ ಮನೆಯ ಚಂದಕ್ಕ ಮಾತ್ರ ಕಡೆಯವರೆಗೂ ಗೊಣಗಿದಳು, ಆಮೇಲೆ ಅವಳೂ ಬಿಟ್ಟುಕೊಟ್ಟಳು. ಮಡಲು ಸರಿಸಿ ಕಾಳು ಹಾಕಿ ಮತ್ತೆ ಮುಚ್ಚಿದರು.

ಮೇಜಿನ ಮೇಲೆ ನಡುಬೆಂಗ್ರೆ ಹೊಸದಾಗಿ ಮೂಡಿದ ದಿನ ಶ್ರಾವ್ಯಳಿಗೆ ಆದ ಸಂತೋಷ ಹೇಳತೀರದು. ನೀಲಿಯ ನಡುವೆ ಅಲ್ಲಲ್ಲಿ ಹಸಿರು ಚುಕ್ಕೆಗಳು. ಅಜ್ಜಿಯಂದಿರ ಕಾಲದಿಂದ ಬಂದದ್ದು ಗಾಜಿನ ಮೇಲೆ ಬೆಳಗುತ್ತಿತ್ತು. ಅವಳು ಅದನ್ನು ಫೋಟೋ ತೆಗೆದು ಅತ್ತೆಗೆ ಕಳಿಸಿದಳು.

ಬೇಸಗೆ ಏರುವ ಹೊತ್ತಿಗೆ ಹೊಸ ಕಾಯಿದೆ ಬಂತು. ಇನ್ನು ಮುಂದೆ ನೀರು ಹಂಚುವುದಕ್ಕೆ ಅಧಿಕಾರಿ ಇಲ್ಲ, ಶಿಫಾರಸು ಇಲ್ಲ. ನೆಲಗನ್ನಡಿ ಎಲ್ಲಿ ಎಷ್ಟು ನೀರಿದೆ ಎಂದು ನೋಡಿ ತಾನೇ ಹಂಚುತ್ತದೆ. ಜನ ಹಾಲು ಕುಡಿದಷ್ಟು ಖುಷಿಪಟ್ಟರು. ಕೈ ಬೆಚ್ಚಗೆ ಮಾಡದೆ ಕೆಲಸ ಆಗುತ್ತದಲ್ಲ ಅಂತ ಪತ್ರಿಕೆಗಳೂ ಹೊಗಳಿದವು. ಯಂತ್ರಕ್ಕೆ ಅಧಿಕಾರ ಹಸ್ತಾಂತರಿಸುವ ದಿನ ಕೇಂದ್ರದಲ್ಲಿ ಮಾವಿನೆಲೆಯ ತೋರಣ, ಕೇಸರಿಬಾತು, ಎಲ್ಲರಿಗೂ ಹೊಸ ಗುರುತಿನ ಚೀಟಿ. ಶ್ರಾವ್ಯ ಮದುವೆಯ ಸೀರೆ ಉಟ್ಟು ಬಂದಿದ್ದಳು.

ಹೊಳ್ಳರು ಗುಂಡಿ ಒತ್ತಿದರು. ಮೇಜು ಒಂದು ಸಲ ಕಪ್ಪಾಗಿ ಮತ್ತೆ ಬೆಳಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರಾವ್ಯ ಅಭ್ಯಾಸದಂತೆ ಮೊದಲು ತನ್ನ ಊರನ್ನೇ ಹುಡುಕಿದಳು. ನಡುಬೆಂಗ್ರೆಯಲ್ಲಿ ಹಸಿರು ಇರಲಿಲ್ಲ. ಹಸಿರಿದ್ದ ಜಾಗದಲ್ಲೆಲ್ಲ ಅರಿಸಿನದಂಥ ಹಳದಿ. ಹಳದಿ ಅಂದರೆ ಹೆಚ್ಚುವರಿ ನೀರು, ಕೇಳಿದವರಿಗೆ ಕೊಡಬಹುದಾದದ್ದು. ನೋಡನೋಡುತ್ತಿದ್ದಂತೆ ಆ ಹಳದಿಯ ಮೇಲೆ ಒಂದು ಗೆರೆ ಎದ್ದು ಹೊಳೆ ದಾಟಿ ಹೊಸ ಬಂದರಿನ ಐಸ್ ಕಾರ್ಖಾನೆಗೆ ಹೋಗಿ ನಿಂತಿತು. ಹಂಚಿಕೆ ಮುಗಿದೇ ಹೋಗಿತ್ತು.

ಏನೋ ತಪ್ಪಾಗಿದೆ ಎಂದುಕೊಂಡಳು ಶ್ರಾವ್ಯ. ಪಾಪ, ತಪ್ಪಾಗಿದೆ ಎಂದೇ ಹೊಳ್ಳರನ್ನು ಪಕ್ಕದ ಕೋಣೆಗೆ ಕರೆದಳು.

"ಸರ್, ನಮ್ಮ ಹಸಿರು ಬಣ್ಣ ಬಿಟ್ಟುಹೋಗಿದೆ. ಬೇಗ ಸರಿಮಾಡಬೇಕು, ಈಗಾಗಲೇ ಐಸ್ ಕಾರ್ಖಾನೆಗೆ ಹೋಗಿಬಿಟ್ಟಿದೆ."

ಹೊಳ್ಳರು ಕನ್ನಡಕ ತೆಗೆದು ಒರೆಸಿದರು. "ಬಿಟ್ಟುಹೋದದ್ದಲ್ಲ ಶ್ರಾವ್ಯ. ಕಾಯಿದೆಯ ಪ್ರಕಾರ ಯಂತ್ರಕ್ಕೆ ಮೂರೇ ಬಗೆ ಗೊತ್ತಿರೋದು. ಬಳಕೆಯ ನೀರು, ಉಪ್ಪುನೀರು, ಹೆಚ್ಚುವರಿ ನೀರು. ಮಲಗಿದ ನೀರು ಅಂತ ನಾಲ್ಕನೆಯದು ಅಲ್ಲಿ ಇಲ್ಲ."

"ಹಾಗಾದರೆ ಬಳಕೆಯಲ್ಲಿ ಸೇರಿಸಬಹುದಿತ್ತಲ್ಲ ಸರ್."

"ಸೇರಿಸಬಹುದಿತ್ತು." ಅವರು ಕಿಟಕಿಯ ಕಡೆ ನೋಡಿದರು. "ಬಂದರಿಗೆ ಎಲ್ಲಿಂದಲಾದರೂ ಸಿಹಿನೀರು ತೋರಿಸದಿದ್ದರೆ ನಮ್ಮ ನಕ್ಷೆಗೆ ಸರ್ಕಾರದ ಒಪ್ಪಿಗೆಯೇ ಸಿಗುತ್ತಿರಲಿಲ್ಲ. ಇಪ್ಪತ್ತು ವರ್ಷದ ಕೆಲಸ. ಕರಾವಳಿಯಲ್ಲಿ ಎಷ್ಟು ಊರು ಈ ನಕ್ಷೆಯಿಂದ ಉಳಿಯುತ್ತೆ ಅಂತ ನಿನಗೇ ಗೊತ್ತು. ಒಂದು ಬೆಂಗ್ರೆಗೋಸ್ಕರ ಅಷ್ಟೂ ಬಿಟ್ಟುಬಿಡು ಅಂತೀಯಾ?"

ಶ್ರಾವ್ಯ ಕಿಟಕಿಗೆ ಅಡ್ಡ ಬಂದು ನಿಂತಳು.

"ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನಿಮಗಿದು ಗೊತ್ತಿತ್ತಾ ಸರ್?"

ಹೊಳ್ಳರು ಮತ್ತೆ ಕನ್ನಡಕ ಒರೆಸತೊಡಗಿದರು.

"ಅತ್ತೆ ನಿಮಗೋಸ್ಕರ ಹೊಸ ಪಾತ್ರೆ ತಂದಿದ್ದರು. ಗೊತ್ತಿತ್ತಾ?"

"ಗೊತ್ತಿತ್ತು," ಎಂದರು ಹೊಳ್ಳರು.

ಸುಳ್ಳಾದರೂ ಹೇಳಬಾರದಿತ್ತೇ ಈ ಮನುಷ್ಯ ಅನ್ನಿಸಿತು ಅವಳಿಗೆ. ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆದ ಕೈ ಕನ್ನಡಕ ಒರೆಸುತ್ತಲೇ ಇತ್ತು. ಬೆನ್ನಿಗೆ ಚೂರಿ ಹಾಕುವವರು ಕತ್ತಲೆಯಲ್ಲಿ ಬರುತ್ತಾರೆ ಅಂತ ಅವಳು ತಿಳಿದಿದ್ದಳು. ಇವರು ಎಲೆಯ ಮುಂದೆ ಕೂತು, ಇನ್ನೊಂದು ಸ್ವಲ್ಪ ಸಾರು ಹಾಕಿ ಅಂದಿದ್ದರು.

"ಊರಿನವರಿಗೆ ನಾನೇ ಹೋಗಿ ಹೇಳುತ್ತೇನೆ," ಎಂದಳು.

"ಹೇಳಿಯಾಯಿತು," ಎಂದರು ಹೊಳ್ಳರು ಮೆತ್ತಗೆ. "ಹಂಚಿಕೆ ಆದ ಕೂಡಲೇ ಯಂತ್ರ ಎಲ್ಲರ ಮೊಬೈಲಿಗೂ ಹೇಳುತ್ತಲ್ಲ."

ಯಾರ ದನಿಯಲ್ಲಿ ಹೇಳಿತು ಅಂತ ಅವಳು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದಳು. ನನ್ನ ದನಿ ತೆಗೆಯಿರಿ, ಈಗಲೇ ತೆಗೆಯಿರಿ ಎಂದಳು. ಹೊಳ್ಳರು ತಲೆಯಾಡಿಸಿದರು. ಅವಳು ಓದಿಕೊಟ್ಟ ಮೇಲೆ ಅದು ಕೇಂದ್ರದ ದನಿ, ಹಾಗೆಲ್ಲ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. "ಜನ ಸಿಟ್ಟಾಗುತ್ತಾರೆ, ಸಹಜ. ನೀನು ಸ್ವಲ್ಪ ಸಮಾಧಾನ ಹೇಳು. ನಿನ್ನ ಮಾತು ಕೇಳುತ್ತಾರೆ," ಎಂದರು.

ಸೀರೆ ಎತ್ತಿ ಹಿಡಿದು ಅವಳು ದೋಣಿ ನಿಲ್ಲುವ ದಕ್ಕೆಯ ಕಡೆ ಓಡಿದಳು. ದೋಣಿಯಲ್ಲಿ ನಾಲ್ಕಾರು ಜನರಿದ್ದರು, ಎಲ್ಲ ಗುರುತಿನವರೇ. ಅವಳು ಹತ್ತಿದ ಕೂಡಲೇ ಮಾತು ನಿಂತಿತು. ಹೊಳೆಯ ನಡುವೆ ಬರುವಾಗ ಯಾರದೋ ಚೀಲದೊಳಗಿಂದ ಅವಳದೇ ದನಿ ಎದ್ದಿತು:

"ಮಡಲ್ ಮುಚ್ಚಿದ್ ಬಾವಿ ನೀರ್ ಯಾರೂ ಎತ್ತುದಿಲ್ಲೆ. ಹಾಂಗಾಯಿ ಅದ್ ಹೆಚ್ಚಿನ್ ನೀರ್. ಹೊಸ ಬಂದರಿನ್ ಐಸ್ ಕಾರ್ಖಾನಿಗೆ ಕೊಟ್ಟಾಯ್ತ್. ಸಹಕಾರ ಕೊಡಿ."

ದನಿಯಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ಹಬ್ಬಕ್ಕೆ ಕರೆದ ಹಾಗಿತ್ತು. ಶ್ರಾವ್ಯ ಕಿವಿ ಮುಚ್ಚಿಕೊಂಡಳು. ದೋಣಿಯವನು ಅವಳನ್ನು ನೋಡಿ ಹೊಳೆಗೆ ಉಗುಳಿದ.

ಊರಿಗೆ ಬಂದು ನೋಡಿದರೆ ಮಡಲುಗಳೆಲ್ಲ ಕಿತ್ತು ಬಿದ್ದಿದ್ದವು. ಯಾರೂ ಎತ್ತುವುದಿಲ್ಲ ಅಂತ ತಾನೇ ನೀರು ಹೋದದ್ದು, ಎತ್ತಿ ತೋರಿಸಿದರೆ ಆಯಿತಲ್ಲ ಎಂದು ಹೆಂಗಸರು ಮಲಗಿದ ಬಾವಿಗಳಿಗೆಲ್ಲ ಹಗ್ಗ ಇಳಿಸಿದ್ದರು. ಪಂಪು ಇದ್ದವರು ಪಂಪು ಹಚ್ಚಿದ್ದರು. ಎತ್ತಿದ ನೀರನ್ನು ಏನು ಮಾಡುವುದೆಂದು ತಿಳಿಯದೆ ತೆಂಗಿನ ಬುಡಕ್ಕೆ, ಅಂಗಳಕ್ಕೆ, ರಸ್ತೆಗೆ ಸುರಿಯುತ್ತಿದ್ದರು. ಬೇಸಗೆಯ ನಟ್ಟನಡುವೆ ಊರಿಡೀ ಒದ್ದೆಯಾಗಿತ್ತು.

"ನಿಲ್ಸಿ. ಎಲ್ಲ ಬಾವಿ ಒಟ್ಟಿಗೆ ಎತ್ತುಕಾಗ. ಉಪ್ಪ್ ಮೇಲ್ ಬತ್ತ್," ಎಂದು ಶ್ರಾವ್ಯ ಒಬ್ಬೊಬ್ಬರ ಹಗ್ಗಕ್ಕೂ ಕೈ ಹಾಕಿದಳು.

ಚಂದಕ್ಕ ಅವಳ ಕೈಯನ್ನು ಕೊಡವಿದಳು. "ಎತ್ತುದಿಲ್ಲೆ ಅಂದೇಳಿ ನೀರ್ ಕೊಟ್ಟವ್ಳೂ ನೀನೇ. ಈಗ ಎತ್ತಬೇಡಿ ಅಂಬವ್ಳೂ ನೀನೇ. ಎಷ್ಟ್ ಬಾಯಿ ಇತ್ತ್ ನಿಂಗೆ?"

"ಅದ್ ನಾನಲ್ಲ ಚಂದಕ್ಕ. ಯಂತ್ರ. ನಂಗೂ ಮೋಸ ಮಾಡ್ರ್."

"ನಿಂಗ್ ಮೋಸ ಮಾಡದ್ದ್ ನಿಮ್ ಸಾರ್. ನಮ್ಗೆ ಮಾಡದ್ದ್ ಯಾರ್?"

ಶ್ರಾವ್ಯ ಹಗ್ಗ ಬಿಟ್ಟು ಮನೆಯ ಕಡೆ ಓಡಿದಳು. ಈ ಊರಲ್ಲಿ ಉಪ್ಪಿನ ವಿಷಯ ಯಾರಿಗೂ ಗೊತ್ತಿಲ್ಲ ಅಂತಲ್ಲ, ಎಲ್ಲರಿಗೂ ಗೊತ್ತು. ಸಿಟ್ಟು ನೆತ್ತಿಗೇರಿದಾಗ ಗೊತ್ತಿದ್ದದ್ದು ಎಲ್ಲಿ ನೆನಪಾಗುತ್ತದೆ. ಒಂದು ಮಾತು ಹೇಳಿ ಅವರನ್ನೆಲ್ಲ ನಿಲ್ಲಿಸಬಲ್ಲವರು ವಾರಿಜಮ್ಮ ಒಬ್ಬರೇ.

ವಾರಿಜಮ್ಮ ಅಂಗಳದ ಬಾವಿಕಟ್ಟೆಯ ಮೇಲೆ ಕೂತಿದ್ದರು. ಹಗ್ಗ ಹಿಡಿದಿರಲಿಲ್ಲ. ಮಡಿಲಲ್ಲಿ ಮೊಬೈಲಿತ್ತು.

"ಅತ್ತಿ, ನೀವ್ ಒಂದ್ ಮಾತ್ ಹೇಳಿ. ಅವ್ರ್ ನಿಮ್ ಮಾತ್ ಕೇಂತ್ರ್. ಇನ್ನೂ ಸ್ವಲ್ಪ ಹೊತ್ತ್ ಎತ್ರೆ ನೀರೆಲ್ಲ ಉಪ್ಪಾತ್ತ್."

ವಾರಿಜಮ್ಮ ಮೊಬೈಲನ್ನು ಬೆರಳಲ್ಲಿ ಕುಟ್ಟಿದರು. ಅದು ಸೊಸೆಯ ದನಿಯಲ್ಲಿ ಉಲಿಯಿತು: "ನಡುಬೆಂಗ್ರಿ ನೀರ್ ಸಿಹಿ ಇತ್ತ್. ಎತ್ಲಕ್ಕ್."

ಎತ್ತಬಹುದು ಅಂದ ನೆಲಗನ್ನಡಿ ಸುಳ್ಳು ಹೇಳುತ್ತಿರಲಿಲ್ಲ, ಉಪ್ಪು ಏರುತ್ತಿರುವುದು ಅದಕ್ಕೆ ಇನ್ನೂ ಗೊತ್ತಾಗಿರಲಿಲ್ಲ. ಸಮುದ್ರದ ಭರತ ಇಳಿತದಲ್ಲಿ ನೀರು ಹೇಗೂ ಏರುಪೇರಾಗುತ್ತದೆ ಅಂತ ಅದು ಇಡೀ ದಿನದ ಸರಾಸರಿ ತೆಗೆದೇ ಬಾಯಿ ಬಿಡುವುದು. ಹಾಗೆ ಮಾಡಿಟ್ಟವಳು ಶ್ರಾವ್ಯಳೇ. ಅವಳು ಇದನ್ನೆಲ್ಲ ಅತ್ತೆಗೆ ಹೇಳಲು ಹೋದಳು. ಸರಾಸರಿ ಎಂದಳು, ಭರತ ಎಂದಳು, ನಾಳೆ ಗೊತ್ತಾಗುತ್ತದೆ ಎಂದಳು. ತನ್ನ ಮಾತು ತನಗೇ ತೊದಲಿದ ಹಾಗೆ ಕೇಳಿಸಿತು. ಮೊಬೈಲಿನೊಳಗಿನ ಶ್ರಾವ್ಯ ಒಂದಿಷ್ಟೂ ತೊದಲುತ್ತಿರಲಿಲ್ಲ.

"ಇದ್ ಹೇಳುದ್ ಸುಳ್ಳಾ, ನೀ ಹೇಳುದ್ ಸುಳ್ಳಾ?" ಎಂದು ಕೇಳಿದರು ವಾರಿಜಮ್ಮ. ಸಿಟ್ಟಿನಿಂದ ಕೇಳಲಿಲ್ಲ. ನಿಜಕ್ಕೂ ಗೊತ್ತಾಗದೆ ಕೇಳಿದರು.

"ಅದ್ ಹೇಳುದ್ ತಪ್ಪ್ ಅತ್ತಿ. ನಾ ಹೇಳುದ್ ಸತ್ಯ."

"ಅವತ್ತೂ ಸತ್ಯ ಅಂದೆ. ನಾ ಆ ಮಾತ್ ಹೊತ್ಕಂಡ್ ಎಷ್ಟ್ ಮನಿ ಬಾಗಿಲಿಗ್ ಹೋಯ್ದೆ. ಇನ್ನ್ ಯಾವ್ ಬಾಯಲ್ ಹೋಗ್ಲಿ ನಾನ್?"

ಅವರು ಎದ್ದು ಒಳಗೆ ಹೋದರು. ಹೊರಗೆ ಪಂಪುಗಳು ಓಡುತ್ತಲೇ ಇದ್ದವು. ಶ್ರಾವ್ಯ ಬಾವಿಕಟ್ಟೆ ಹಿಡಿದುಕೊಂಡು ಅತ್ತಳು. ಯಾರೂ ಬಂದು ಯಾಕೆ ಅಂತ ಕೇಳಲಿಲ್ಲ.

ಮಾರನೆಯ ದಿನ ಮೊದಲು ಗೊತ್ತಾದದ್ದು ಚಂದಕ್ಕನ ಗಂಜಿಗೆ. ಉಪ್ಪು ಹಾಕದಿದ್ದರೂ ಉಪ್ಪು. ಆಮೇಲೆ ಒಂದೊಂದೇ ಮನೆಯಿಂದ ಸುದ್ದಿ ಬಂತು, ಮಲಗಿದ್ದ ಬಾವಿ, ಎದ್ದಿದ್ದ ಬಾವಿ ಅಂತ ಭೇದವಿಲ್ಲದೆ. ಆಗ ಮೊಬೈಲುಗಳೂ ಒಪ್ಪಿಕೊಂಡವು. ಕೇಂದ್ರದ ಮೇಜಿನ ಮೇಲೆ ನಡುಬೆಂಗ್ರೆ ತುದಿಯಿಂದ ತುದಿಗೆ ಕೆಂಪಾಯಿತು. ಉಪ್ಪುನೀರು ಯಾರಿಗೆ ಬೇಕು, ಯಂತ್ರ ಐಸ್ ಕಾರ್ಖಾನೆಗೆ ಬೇರೆ ಕಡೆ ನೀರು ಹುಡುಕಿಕೊಟ್ಟಿತು. ಊರಿಗೆ ದೋಣಿಯಲ್ಲಿ ಟ್ಯಾಂಕು ಬರತೊಡಗಿತು. ಹೆಂಗಸರು ಕೊಡ ಹಿಡಿದು ದಕ್ಕೆಯಲ್ಲಿ ಸಾಲು ನಿಂತರು.

ಶ್ರಾವ್ಯ ಕೆಲಸ ಬಿಟ್ಟಳು. ಬಿಟ್ಟು ಸುಮ್ಮನೆ ಕೂರಲಿಲ್ಲ. ಪೇಟೆಯಲ್ಲಿ ಗೆಳತಿಯ ಕೋಣೆಯಲ್ಲಿದ್ದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಳು. ಮಲಗಿದ ನೀರಿಗೆ ಕಾಯಿದೆಯಲ್ಲಿ ಜಾಗ ಬೇಕು ಎಂದು ಕಂಡಕಂಡವರ ಕಿವಿ ಹಿಂಡಿದಳು. ಕಡೆಗೆ ಯಾರೋ ಪುಣ್ಯಾತ್ಮರು ಕೇಳಿಸಿಕೊಂಡರು. ಯಂತ್ರಕ್ಕೆ ನಾಲ್ಕನೆಯ ಬಗೆ ಸೇರಿಸುವುದಾಗಿ ಒಪ್ಪಿದರು, ಹಸಿರು ಬಣ್ಣವೇ. ಇನ್ನು ಮುಂದೆ ಯಾವ ಊರಿನ ಮಲಗಿದ ಬಾವಿಗೂ ಹೀಗಾಗುವುದಿಲ್ಲ. ಹೊಳ್ಳರು ಅಭಿನಂದನೆ ಹೇಳಲು ಫೋನು ಮಾಡಿದ್ದರು. ಅವಳು ಎತ್ತಲಿಲ್ಲ.

ಈ ಸುದ್ದಿಯನ್ನು ಅತ್ತೆಗೆ ತನ್ನ ಬಾಯಿಂದಲೇ ಹೇಳಬೇಕೆಂದು ಅವಳು ದೋಣಿ ಹತ್ತಿದಳು. ಮಳೆಗೆ ಇನ್ನೂ ದಿನವಿತ್ತು, ರತನ್ ಹೋದ ಬೋಟು ದಡಕ್ಕೆ ಬಂದಿರಲಿಲ್ಲ. ಅಂಗಳದ ಮಲ್ಲಿಗೆ ಗಿಡ ಸುಟ್ಟಹಾಗೆ ಒಣಗಿತ್ತು. ಅವಳು ಚಪ್ಪಲಿ ಬಿಟ್ಟು ಎಂದಿನಂತೆ ಸೀದಾ ಅಡುಗೆಮನೆಗೆ ನುಗ್ಗುವವಳಿದ್ದಳು. ಅಷ್ಟರಲ್ಲಿ ವಾರಿಜಮ್ಮ ಬಾಗಿಲಿಗೆ ಬಂದರು. ಜಗಲಿಗೆ ಕುರ್ಚಿ ತಂದಿಟ್ಟು, ಸೆರಗಿನಿಂದ ಧೂಳು ಒರೆಸಿದರು.

"ಬನ್ನಿ. ಕೂಕಣಿ," ಎಂದರು.

ಶ್ರಾವ್ಯ ಕೂತಳು. ಕೂತು ಎಲ್ಲ ಹೇಳಿದಳು. ಹಸಿರು ಬಣ್ಣದ್ದು, ಕಾಯಿದೆಯದು, ಮೂರು ನಾಲ್ಕು ಮಳೆಗಾಲ ಕಳೆದರೆ ನೀರು ಮತ್ತೆ ಸಿಹಿಯಾಗಬಹುದು ಎಂಬುದು. ವಾರಿಜಮ್ಮ ಎಲ್ಲವನ್ನೂ ಮರ್ಯಾದೆಯಿಂದ ಕೇಳಿಸಿಕೊಂಡರು. ಆಯ್ತ್, ಒಳ್ಳೇದಾಯ್ತ್ ಎಂದರು. ಆಮೇಲೆ ಒಳಗೆ ಹೋಗಿ, ಟ್ಯಾಂಕಿನ ನೀರನ್ನು ತೊಳೆದ ಚೊಂಬಿನಲ್ಲಿ ತುಂಬಿ, ತಟ್ಟೆಯಲ್ಲಿ ಒಂದು ತುಂಡು ಬೆಲ್ಲವಿಟ್ಟು ತಂದು ಅವಳ ಮುಂದೆ ಇಟ್ಟರು.

ಮನೆಯವರಿಗೆ ಯಾರೂ ಬೆಲ್ಲ ಇಡುವುದಿಲ್ಲ. ಮನೆಯವರು ತಾವೇ ಒಳಗೆ ಹೋಗಿ ಕೊಡಪಾನದಿಂದ ಬಗ್ಗಿಸಿಕೊಂಡು ಕುಡಿಯುತ್ತಾರೆ. ಶ್ರಾವ್ಯ ಮದುವೆಯಾಗಿ ಬಂದಂದಿನಿಂದ ಈ ಜಗಲಿಯಲ್ಲಿ ಎಷ್ಟೋ ಜನ ನೆಂಟರಿಗೆ ತಾನೇ ಆ ತಟ್ಟೆ ತಂದುಕೊಟ್ಟಿದ್ದಳು.

"ಆಸ್ರಿ ಕುಡೀನಿ," ಎಂದರು ವಾರಿಜಮ್ಮ. "ಬಿಸಿಲಲ್ ಬಂದಿದ್ರಿ."

ಅವಳು ಬೆಲ್ಲ ಬಾಯಿಗಿಟ್ಟುಕೊಂಡು ನೀರು ಕುಡಿದಳು. ವಾರಿಜಮ್ಮ ಖಾಲಿ ಚೊಂಬನ್ನು ತೆಗೆದುಕೊಂಡು, ಹೊಳೆಯ ಕಡೆ ಒಮ್ಮೆ ನೋಡಿ, ತುಂಬ ಮೆತ್ತಗೆ ಕೇಳಿದರು.

"ಕಡೀ ದೋಣಿ ಸಿಕ್ಕತ್ತಲ್ದಾ ನಿಮ್ಗೆ?"